ಮಸ್ಟರಿನಲ್ಲಿ ಮಾತಾಡದವರು

ಡಿಸೆಂಬರ್ ಬಂತೆಂದರೆ ಬಾಳ್ಳುಪೇಟೆಯ ಅಂಗಡಿ ಸಾಲಿನಲ್ಲಿ ಒಂದು ಗಳಿಗೆ ನಿಂತರೆ ಸಾಕು, ಅರ್ಧ ದೇಶದ ಮಾತು ಕಿವಿಗೆ ಬೀಳುತ್ತದೆ. ಕನ್ನಡ, ತುಳು, ಬ್ಯಾರಿ, ತಮಿಳು, ಮಲಯಾಳ ಮೊದಲಿಂದಲೂ ಇದ್ದವು. ಈಗ ಅಸ್ಸಾಮಿ, ಬಂಗಾಳಿ, ಅಸ್ಸಾಮಿನ ಚಹಾ ತೋಟದವರ ಸಾದ್ರಿ ಕೂಡ ಸೇರಿವೆ. ಬೆಂಗಳೂರು–ಮಂಗಳೂರು ಹೆದ್ದಾರಿ ಊರನ್ನು ಮುಟ್ಟಿಕೊಂಡೇ ಹೋಗುತ್ತದೆ, ರೈಲು ನಿಲ್ದಾಣವೂ ಇದೆ; ಬಂದು ಸೇರುವುದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಮಾರನೆಯ ಬೆಳಗ್ಗೆ, ಎಸ್ಟೇಟ್ ಆಫೀಸಿನ ಮುಂದೆ ಮಸ್ಟರಿಗೆ ನಿಂತಾಗ.

ಕಾಫಿ ಸೀಮೆಯವರಿಗೆ ಮಸ್ಟರು ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರು ಈ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಜಗಲಿಯ ಮೇಲೆ ಸಾಹುಕಾರರು ಅಥವಾ ಮ್ಯಾನೇಜರು. ಮೆಟ್ಟಿಲ ಪಕ್ಕದಲ್ಲಿ ಹಾಜರಿಯ ಚೆಕ್‌ರೋಲ್ ಪುಸ್ತಕ ಹಿಡಿದ ರೈಟರು. ಅಂಗಳದಲ್ಲಿ ಮೇಸ್ತ್ರಿ, ಅವನ ಹಿಂದೆ ಆಳುಗಳು, ಎಲ್ಲರಿಗಿಂತ ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಇಷ್ಟು ಜನ ರೊಬಸ್ಟಾ ತಾಕಿಗೆ, ಇಷ್ಟು ಜನ ಅರೇಬಿಕಾಕ್ಕೆ, ಇಬ್ಬರು ಪಲ್ಪಿಂಗ್ ಮನೆಗೆ, ಇನ್ನಿಬ್ಬರು ಕಣಕ್ಕೆ ಎಂದು ಮೇಲಿನ ಮಾತು ಎರಡೇ ನಿಮಿಷದಲ್ಲಿ ಕೆಳಗಿಳಿಯುತ್ತದೆ. ಕೆಳಗಿನಿಂದ ಮಾತ್ರ ಏನೂ ಮೇಲೆ ಹತ್ತುವುದಿಲ್ಲ. ‘ಏನಾದರೂ ತೊಂದರೆ ಇದೆಯಾ?’ ಎಂದು ಕೇಳಿದರೆ ಇಲ್ಲವೆಂದು ತಲೆಗಳು ಆಡುತ್ತವೆ. ಮಸ್ಟರು ಮುಗಿಯುತ್ತದೆ.

ಮ್ಯಾನೇಜ್‌ಮೆಂಟ್ ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ, ಕೆಳಗಿನ ಕೆಟ್ಟ ಸುದ್ದಿ ಎಷ್ಟು ಬೇಗ ಮೇಲಕ್ಕೆ ಬರುತ್ತದೆ ಅನ್ನುವುದನ್ನು ನೋಡಿ ಅಳೆಯಬೇಕು ಎಂದೇ ನಾನು ಹೇಳುವುದು. ಅಪ್ಪಣೆ ಕೊಡುವುದು ಯಾರಿಗೂ ಬರುತ್ತದೆ.

ಆಲೂರು ಕಡೆಯ ಒಂದು ತೋಟದಲ್ಲಿ ನೋಡಿದ್ದು. ಹೊಸದಾಗಿ ಬಂದ ಮ್ಯಾನೇಜರು ಚುರುಕಿನ ಹುಡುಗ, ಓದಿದವನು, ಮನಸ್ಸೂ ಒಳ್ಳೆಯದು. ಸಂಜೆ ತೂಕ ಮುಗಿದ ಮೇಲೆ ಹಳೆಯ ಮೇಸ್ತ್ರಿ ಕಣದ ಅಂಚಿಗೆ ಬಂದು ನಿಂತ. ಮೊದಲು ಮೋಡದ ಮಾತು. ಆಮೇಲೆ ಹುಡುಗನ ತಾಯಿಯ ಆರೋಗ್ಯ. ಆಮೇಲೆ ಕಣದಲ್ಲಿ ಹರಡಿದ್ದ ಚೆರ್ರಿಯನ್ನು ಕಾಲಿನಿಂದ ಮೆಲ್ಲಗೆ ಸರಿಸುತ್ತಾ, ‘ಮೇಲಿನ ತಾಕಲ್ಲಿ ಹಣ್ಣು ನೆಲಕ್ಕೆ ಬೀಳ್ತಾ ಐತೆ ಅಂತ ಹೆಂಗಸ್ರು ಮಾತಾಡ್ಕೊಳ್ತಿದ್ರು’ ಅಂದ. ಹುಡುಗ ‘ಹೌದಾ’ ಅಂದು ಮೊಬೈಲ್ ನೋಡಿದ. ಮೇಸ್ತ್ರಿ ಇನ್ನೊಂದು ಕ್ಷಣ ನಿಂತು ಹೊರಟ.

ಆ ಒಂದು ವಾಕ್ಯದಲ್ಲಿ ಇಡೀ ವರದಿ ಇತ್ತು. ನೀವು ಆಳುಗಳನ್ನು ತಪ್ಪು ತಾಕಿಗೆ ಕಳಿಸುತ್ತಿದ್ದೀರಿ, ಮೇಲಿನ ತಾಕು ಮೊದಲು ಹಣ್ಣಾಗಿದೆ, ನಾಳೆ ಅಲ್ಲಿಗೆ ಕಳಿಸಿ ಎಂದು ಅದರ ಅರ್ಥ. ನೆಲಕ್ಕೆ ಬಿದ್ದ ಹಣ್ಣನ್ನು ಹೆಕ್ಕುವ ಕೂಲಿಯೇ ಬೇರೆ, ಹೆಕ್ಕದೆ ಬಿಟ್ಟರೆ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಫಸಲಿಗೂ ಏರುತ್ತದೆ. ಇಷ್ಟನ್ನೂ ಆ ಮನುಷ್ಯ ತನ್ನ ಮಾತಾಗಿ ಹೇಳಲಿಲ್ಲ, ಹೆಂಗಸರ ಬಾಯಿಗೆ ಹಾಕಿ ಹೇಳಿದ. ಮೇಲಿನವರ ತೀರ್ಮಾನ ತಪ್ಪೆಂದು ಮುಖಕ್ಕೆ ಹೇಳದೆ ತಿದ್ದುವ ಮಲೆನಾಡಿನ ಮರ್ಯಾದೆ ಅದು. ಆ ಹುಡುಗನ ತಂದೆಯ ಕಾಲದ ಪ್ಲಾಂಟರ್ ಆಗಿದ್ದರೆ ಅಲ್ಲೇ ರೈಟರನ್ನು ಕರೆದು ಮಾರನೆಯ ದಿನದ ಕೆಲಸ ಬದಲಾಯಿಸುತ್ತಿದ್ದರು.

ಜಗಲಿಗೂ ಅಂಗಳಕ್ಕೂ ನಡುವೆ ನಿಲ್ಲುವ ಈ ಮೇಸ್ತ್ರಿ ನಮ್ಮ ಕಾಫಿ ತೋಟಗಳಷ್ಟೇ ಹಳಬ. ಇಂದಿನ ಸಕಲೇಶಪುರ ಸೀಮೆಯಾದ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಯೂರೋಪಿಯನ್ 1843ರಲ್ಲಿ ತೋಟ ಹಾಕಿದ. 1856ರಲ್ಲಿ ರಾಬರ್ಟ್ ಎಲಿಯಟ್ ಬಂದ. ಅವನು ಇಲ್ಲಿನ ಅನುಭವವನ್ನು 1871ರಲ್ಲಿ ಎರಡು ಸಂಪುಟಗಳಲ್ಲಿ ಬರೆದ, 1894ರಲ್ಲಿ ಇನ್ನೊಂದು ಪುಸ್ತಕ ತಂದ. ಕಾಫಿ ಬೆಳೆಯಲು ಬಂದವನು ಜಾತಿ, ಊರಿನ ಕಟ್ಟುಕಟ್ಟಳೆ, ಜನರ ನಡತೆ ಇವುಗಳ ಬಗ್ಗೆ ಪುಟಗಟ್ಟಲೆ ಬರೆದದ್ದು ನೋಡಿದರೆ ತೋಟ ನಡೆಸುವುದಕ್ಕೆ ಗಿಡ ಗೊತ್ತಿದ್ದರೆ ಸಾಲದು ಅನ್ನುವುದು ಅವನಿಗೆ ತಿಳಿದಿತ್ತೆಂದು ತೋರುತ್ತದೆ. ಅವನ ತೀರ್ಮಾನಗಳನ್ನೆಲ್ಲ ಇಂದು ಒಪ್ಪಲಾಗದು. ಜಾತಿಯಲ್ಲಿ ಅವನು ಕಂಡ ಒಳಿತನ್ನು ಅಂಗಳದ ಕೊನೆಯಲ್ಲಿ ನಿಂತವರು ಕಂಡಿರಲಾರರು. ಆದರೆ ಗಮನಿಸಿ ನೋಡಿದ ಅನ್ನುವುದು ದೊಡ್ಡದು. ಇನ್ನೊಬ್ಬ ಪ್ಲಾಂಟರ್ ಕ್ರಾಫರ್ಡರ ಹೆಸರು ಸಕಲೇಶಪುರದ ಆಸ್ಪತ್ರೆಯ ಮೇಲೆ ಇಂದಿಗೂ ಇದೆ. ಆ ಪೀಳಿಗೆಯ ದೊರೆಗಳ ಒಳಿತು ಕೆಡುಕು ಇಲ್ಲಿನ ಮುದುಕರ ಬಾಯಲ್ಲಿ ಇನ್ನೂ ಉಳಿದಿದೆ.

ದೊರೆಗೂ ಆಳಿಗೂ ನಡುವೆ ನಿಂತವನು ಘಟ್ಟದ ಕೆಳಗಿನಿಂದಲೋ ತಮಿಳು ಸೀಮೆಯಿಂದಲೋ ಜನ ಕರೆತರುತ್ತಿದ್ದ ಮೇಸ್ತ್ರಿ. ತೀರ್ಥಹಳ್ಳಿ ಕಡೆ ಇವನೇ ಸೇರೆಗಾರ. ಕುವೆಂಪು 1936ರಲ್ಲಿ ಪ್ರಕಟಿಸಿದ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೇರೆಗಾರ ರಂಗಪ್ಪಸೆಟ್ಟಿ ಇದ್ದಾನಲ್ಲ, ಅವನನ್ನು ಬಲ್ಲ ಓದುಗರಿಗೆ ಈ ನಡುವಿನವರ ಕೈಯಲ್ಲಿ ಎಷ್ಟು ಅಧಿಕಾರವಿತ್ತು ಎಂದು ವಿವರಿಸಬೇಕಿಲ್ಲ. ಮುಂಗಡ ಕೊಡುವವನು, ಊರಿಂದ ಕರೆತರುವವನು, ಮಾತು ದಾಟಿಸುವವನು ಎಲ್ಲ ಒಬ್ಬನೇ. ತನಗೆ ಬೇಕಾದ್ದನ್ನು ಮೇಲಕ್ಕೆ ದಾಟಿಸಿ, ಬೇಡದ್ದನ್ನು ಅಲ್ಲೇ ನುಂಗುತ್ತಿದ್ದ. ಸಾಲದಲ್ಲಿದ್ದ ಆಳು ಅವನ ಮೇಲೆ ದೂರು ಹೇಳಬೇಕಾದರೆ ಅವನ ಬಾಯಿಂದಲೇ ಹೇಳಿಸಬೇಕಿತ್ತು!

ಈಗ ಸ್ವಲ್ಪ ದೂರ ಹೋಗಿ ಬರೋಣ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರವರೆಗೆ ಐಬಿಎಂ ಕಂಪನಿಯ ನೌಕರರಿಗೆ, ಹಲವು ದೇಶಗಳಲ್ಲಿ, ಪ್ರಶ್ನಾವಳಿ ಕೊಟ್ಟು ಉತ್ತರ ಸಂಗ್ರಹಿಸಿದರು. ಲಕ್ಷಕ್ಕೂ ಮಿಕ್ಕಿ ಬಂದವು. 1980ರಲ್ಲಿ ಪುಸ್ತಕವಾಯಿತು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಅನ್ನುವುದನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂದು ಅವರು ಅಂಕಿ ಹಾಕಿದರು. ಭಾರತಕ್ಕೆ 77, ಅಮೆರಿಕಕ್ಕೆ 40, ಜರ್ಮನಿಗೆ 35, ಆಸ್ಟ್ರಿಯಾಕ್ಕೆ 11. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕಂಪನಿ ಸೇರಿದ ಮಕ್ಕಳಿಗೆ ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೆ. ಜರ್ಮನಿಯವರ ಜೊತೆ ಮೀಟಿಂಗಿನಲ್ಲಿ ಆಗದ್ದನ್ನು ಆಗುವುದಿಲ್ಲ ಎಂದೇ ಹೇಳಬೇಕು, ‘ಪ್ರಯತ್ನ ಮಾಡ್ತೀವಿ’ ಅಂದರೆ ಅವರು ಆಗುತ್ತದೆ ಎಂದೇ ಬರೆದುಕೊಳ್ಳುತ್ತಾರೆ. ಇದು ಒಳ್ಳೆಯ ಪಾಠ. ಮೇಸ್ತ್ರಿಯ ವಾಕ್ಯ ಕೇಳಿಸದ ಹುಡುಗನಿಗೂ ಇದೇ ಪಾಠವನ್ನು ತಿರುಗಿಸಿ ಹೇಳಬೇಕು: ಕೇಳುವವನೂ ಕಲಿಯಬೇಕು.

ಹೀಗೆ ಬಿಡಿಸಿ ಹೇಳದಿರುವುದು ಜೀವದ ಪ್ರಶ್ನೆಯೂ ಆಗುತ್ತದೆ. 1990ರ ಜನವರಿ 25ರಂದು ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಸುತ್ತು ಹಾಕಿ, ಇಂಧನ ಮುಗಿದು ಬಿತ್ತು. ವಿಮಾನದಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಇಂಧನ ಮುಗಿಯುತ್ತಿದೆ ಎಂದು ನೆಲದ ಮೇಲಿನ ನಿಯಂತ್ರಕರಿಗೆ ಹೇಳಿದ್ದರು. ಇದು ತುರ್ತು ಸ್ಥಿತಿ ಎಂದು ಒಮ್ಮೆಯೂ ಘೋಷಿಸಲಿಲ್ಲ. ಇಂಧನ ಸಾಕಾಗುತ್ತದೆಯೇ ಎಂದು ನಿಯಂತ್ರಕರು ಕೇಳಿದಾಗಲೂ ಗಟ್ಟಿಯಾಗಿ ಇಲ್ಲ ಅನ್ನಲಿಲ್ಲ.

ಹಾಫ್‌ಸ್ಟೆಡ್ ಅವರ ಅಂಕಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದಕ್ಕೆ ಪೂರ್ತಿ ಶರಣಾಗಲಾರೆ. ಅವರು ಕೇಳಿದ್ದು ಒಂದು ಕಂಪನಿಯ ಸಂಬಳದ ನೌಕರರನ್ನು, ತೋಟದ ಲೈನ್ ಮನೆಗಳ ಆಳುಗಳನ್ನಲ್ಲ. ಮಸ್ಟರಿನಲ್ಲಿ ಬಾಯಿ ಬಿಡದ ಅದೇ ಮನುಷ್ಯನನ್ನು ಸುಗ್ಗಿ ಹಬ್ಬದ ಹೊತ್ತಿಗೆ ಅವನ ಊರಿನಲ್ಲಿ ನೋಡಿ. ದೇವರ ಗುಡಿಯ ಮುಂದೆ ಸೇರಿ ಯಾರ ಮನೆಯ ಪಾಲು ಎಷ್ಟು, ಯಾವ ದಿನ ಏನು ಎಂದು ವಾದ ಮಾಡುತ್ತಾನೆ, ದನಿ ಏರಿಸುತ್ತಾನೆ, ಎದುರಿಗಿರುವವನು ಎಷ್ಟು ಎಕರೆಯವನು ಎಂದು ನೋಡುವುದಿಲ್ಲ. ಐದೆಕರೆ ಬೆಳೆಗಾರ ತಾನೂ ಆಳಿನ ಪಕ್ಕದಲ್ಲೇ ಹಣ್ಣು ಕುಯ್ಯುತ್ತಾನಲ್ಲ, ಅಲ್ಲಿಯೂ ಮಾತು ಧಾರಾಳ. ‘ಈ ಗಿಡಕ್ಕೆ ಬೋರರ್ ಹೊಡೆದೈತೆ, ಕಿತ್ತು ಸುಡಿ’ ಎಂದು ನೇರವಾಗಿಯೇ ಹೇಳುತ್ತಾರೆ. ಹಾಗಾದರೆ ಮೌನ ಅವನ ಸ್ವಭಾವವಲ್ಲ. ಜಗಲಿ ಮತ್ತು ಅಂಗಳದ ನಡುವಿನ ಎತ್ತರ, ಜಾತಿ, ಮುಂಗಡದ ಲೆಕ್ಕ, ನಾಳೆಯ ಕೆಲಸ ಇವೆಲ್ಲ ಸೇರಿ ಬಾಯಿ ಕಟ್ಟುತ್ತವೆ. ನಾವು ಸಂಸ್ಕೃತಿ ಎಂದು ಕರೆಯುವುದರಲ್ಲಿ ಒಂದಷ್ಟು ಮರ್ಯಾದೆ, ಒಂದಷ್ಟು ಭಯ. ಮರ್ಯಾದೆಯನ್ನು ಅರ್ಥಮಾಡಿಕೊಳ್ಳುವುದು, ಭಯವನ್ನು ತೆಗೆಯುವುದು, ಇವೆರಡೂ ಮೇಲಿನವರ ಕೆಲಸ.

ಅಸ್ಸಾಮಿನಿಂದ ಬಂದವರ ವಿಷಯದಲ್ಲಿ ಈ ಕೆಲಸ ಹೊಸದಾಗಿ ಶುರುವಾಗಬೇಕಿದೆ. ಹಳೆಯ ತುಳು, ತಮಿಳು ಆಳುಗಳ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು, ಹೋದದ್ದು ಸಂತೋಷ. ಇಂದು ಹಣ್ಣು ಕುಯ್ಯುವ ಕೈಗಳಲ್ಲಿ ದೊಡ್ಡ ಪಾಲು ಹೊರ ರಾಜ್ಯದವರದು. ಕಿಲೋ ಲೆಕ್ಕದ ಕೂಲಿ. ಅವರಲ್ಲಿ ಕೆಲವರು ಚಹಾ ತೋಟದಲ್ಲಿ ಹುಟ್ಟಿ ಬೆಳೆದವರು. ಎಲೆ ಚಿವುಟುವ ಬೆರಳಿಗೆ ಹಣ್ಣು ಬಿಡಿಸುವುದು ಬೇಗ ಬರುತ್ತದೆ. ಮಾತು ಬರುವುದಿಲ್ಲ. ಸಾಹುಕಾರರದು ಅರ್ಧ ಹಿಂದಿ, ಅವರದೂ ಅರ್ಧ ಹಿಂದಿ. ಸಂಜೆ ತಕ್ಕಡಿ ಮುಂದೆ ಒಬ್ಬ ಹೆಣ್ಣುಮಗಳು ಚೀಲ ಇಳಿಸುತ್ತಾಳೆ, ರೈಟರು ತೂಕ ಬರೆಯುತ್ತಾರೆ, ಅವಳು ತನ್ನ ಬೆರಳಲ್ಲೇ ಏನೋ ಲೆಕ್ಕ ಹಾಕಿ ರೈಟರ ಮುಖ ನೋಡುತ್ತಾಳೆ. ಲೆಕ್ಕ ತಪ್ಪಿದೆ ಅನ್ನಲು ಅವಳಿಗೆ ಭಾಷೆಯೂ ಇಲ್ಲ, ಧೈರ್ಯವೂ ಇಲ್ಲ. ಆ ನೋಟವನ್ನು ಕಂಡು ‘ಏನಮ್ಮ, ಇನ್ನೊಂದ್ಸಲ ತೂಗ್ಲಾ?’ ಎಂದು ಚೀಲವನ್ನು ಮತ್ತೆ ತಕ್ಕಡಿಗೆ ಎತ್ತಿದ ರೈಟರನ್ನು ನಾನು ಕಂಡಿದ್ದೇನೆ. ಆ ತೋಟಕ್ಕೆ ಮುಂದಿನ ವರ್ಷವೂ ಅದೇ ಗುಂಪು ಬಂತು. ಆಳು ಸಿಗುವುದಿಲ್ಲ ಎಂದು ಎಲ್ಲೆಡೆ ಕೇಳುವ ಕಾಲದಲ್ಲಿ ಇದೇನು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಹೇಳುತ್ತಾ ಬಂದದ್ದು ಆನೆಯ ವಿಷಯಕ್ಕೆ. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆನೆ ಈಗ ದಿನದ ಸುದ್ದಿ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ರಸ್ತೆ ಬದಿಯಲ್ಲಿ ಎಲ್‌ಇಡಿ ದೀಪ, ಬೋರ್ಡುಗಳಿವೆ, ಅರಣ್ಯ ಇಲಾಖೆಯ ತಂಡ ರಾತ್ರಿ ಹಗಲು ತಿರುಗುತ್ತದೆ. ಒಳ್ಳೆಯ ಕೆಲಸ. ಆದರೆ ಕನ್ನಡದ ಸಂದೇಶ ಸಾಹುಕಾರರ ಜೇಬಿಗೆ ಬಂದು ಅಲ್ಲೇ ಉಳಿದರೆ, ಅದೇ ತಾಕಿಗೆ ಬೆಳಗಿನ ಮಂಜಿನಲ್ಲಿ ನಡೆದು ಹೋಗುವ ಸಾದ್ರಿ ಮಾತಿನ ಹೆಂಗಸಿಗೆ ಏನು ಪ್ರಯೋಜನ? ಕೆಳಗಿನಿಂದ ಮೇಲೆ ಹೋಗಬೇಕಾದ ಸುದ್ದಿಯ ಪಾಡೂ ಅಷ್ಟೇ. ಗಿಡದ ಸಾಲಿನಲ್ಲಿ ಹಸಿ ಲದ್ದಿಯನ್ನು, ಮುರಿದ ಬೈನೆ ಮರವನ್ನು ಮೊದಲು ಕಾಣುವುದು ಅವಳೇ. ಕೆಲಸ ಬಿಟ್ಟು ಓಡಿಬಂದರೆ ಬೈಗುಳ, ಕೂಲಿ ಕಡಿತ ಎಂದು ಹೆದರಿದರೆ ಅವಳು ಹೇಳಲು ಬರುವುದಿಲ್ಲ, ಕುಯ್ಯುತ್ತಲೇ ಇರುತ್ತಾಳೆ.

ಬೆಳೆಗಾರ ಮಿತ್ರರಲ್ಲಿ, ಎಸ್ಟೇಟ್ ಮ್ಯಾನೇಜರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಸಲದ ಕುಯ್ಲಿಗೆ ಬಂದ ಗುಂಪಿನಲ್ಲಿ ಅವರ ಮಾತನ್ನೂ ಸ್ವಲ್ಪ ಕನ್ನಡವನ್ನೂ ಬಲ್ಲ ಒಬ್ಬರನ್ನು, ಸಾಧ್ಯವಾದರೆ ಹೆಂಗಸನ್ನೇ, ಗೊತ್ತು ಮಾಡಿ. ಅವರು ಮುಂಗಡ ಕೊಟ್ಟು ಜನ ತಂದವರಾಗಿರಬಾರದು. ದಿನವೂ ಮಸ್ಟರಿನಲ್ಲಿ ಆನೆಯ ಸುದ್ದಿಯನ್ನು ಅವರ ಬಾಯಿಂದ ಎಲ್ಲರಿಗೂ ಹೇಳಿಸಿ. ಆನೆ ಕಂಡರೆ ಚೀಲ ಬಿಟ್ಟು ಬರಬಹುದು, ಕೂಲಿ ಕಡಿಯುವುದಿಲ್ಲ ಎಂದೂ ಹೇಳಿಸಿ. ಸಂಜೆ ಜಗಲಿಯಿಂದ ಇಳಿದು ಬಂದು, ಆ ದಿನ ತಾಕಿನಲ್ಲಿ ಏನು ಕಂಡಿರಿ ಎಂದು ಅವರನ್ನು ಕೇಳಿ. ಆ ಕೆಲಸಕ್ಕೆ ಕುಯ್ಲಿನ ಕೂಲಿಯ ಮೇಲೆ ಬೇರೆಯಾಗಿ ದುಡ್ಡು ಕೊಡಿ.