ಇಳಿಯುವವರ ಧರ್ಮ

ಅಧಿಕಾರ ಸ್ವೀಕರಿಸುವ ದಿನಕ್ಕೆ ಈ ನಾಡಿನಲ್ಲಿ ಹಾರ, ತುರಾಯಿ, ಮೆರವಣಿಗೆ, ಮುಹೂರ್ತ ಎಲ್ಲವೂ ಉಂಟು. ಪದಗ್ರಹಣವೆಂಬ ಗಂಭೀರವಾದ ಹೆಸರೂ ಉಂಟು. ಅದೇ ಕುರ್ಚಿಯಿಂದ ಮತ್ತೊಬ್ಬರು ಇಳಿದುಹೋಗುವುದಕ್ಕೆ ಇವು ಯಾವುವೂ ಇಲ್ಲ. ಚುನಾವಣೆಯ ನೀತಿಯನ್ನು ಕುರಿತು ಮಾತನಾಡುವವರು ಗೆದ್ದುಬಂದವರ ಕರ್ತವ್ಯವನ್ನು ವಿಸ್ತಾರವಾಗಿ ಹೇಳುತ್ತಾರೆ; ಬಿಟ್ಟುಹೋಗುವವರ ಕರ್ತವ್ಯವೇನೆಂಬ ವಿಚಾರ ಅಷ್ಟಾಗಿ ನಡೆದಿಲ್ಲ. ಆದರೆ ಪ್ರಜಾಪ್ರಭುತ್ವದ ಆರೋಗ್ಯ ಬಹುಮಟ್ಟಿಗೆ ಅವಲಂಬಿಸಿರುವುದು ಈ ಎರಡನೆಯವರನ್ನೇ.

ಈ ಪ್ರಶ್ನೆ ದೆಹಲಿಗೋ ಬೆಂಗಳೂರಿಗೋ ಮಾತ್ರ ಸೇರಿದ್ದೆಂದು ತಿಳಿಯಬಾರದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗವಾಗಿದೆ. ಇಲ್ಲಿನ ಹಳ್ಳಿಯ ಜನಕ್ಕೆ ಸರ್ಕಾರವೆಂದರೆ ಮೊದಲು ಗ್ರಾಮ ಪಂಚಾಯಿತಿ. ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್ 22 ಮತ್ತು 27ರಂದು ಸಾರ್ವತ್ರಿಕ ಚುನಾವಣೆ ನಡೆಯಿತು. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗಳಿಲ್ಲ. ಜನರು ಸದಸ್ಯರನ್ನು ಆರಿಸುತ್ತಾರೆ; ಸದಸ್ಯರು ತಮ್ಮೊಳಗಿಂದ, ಮೀಸಲಾತಿಗೆ ಅನುಸಾರವಾಗಿ, ಅಧ್ಯಕ್ಷರನ್ನು ಆರಿಸುತ್ತಾರೆ. ಅಧ್ಯಕ್ಷರ ಅವಧಿ 30 ತಿಂಗಳು. ಹೀಗಾಗಿ 2021ರ ಆರಂಭದಲ್ಲಿ ಒಮ್ಮೆ, 2023ರ ನಡುವಿನಲ್ಲಿ ಇನ್ನೊಮ್ಮೆ ಹಳ್ಳಿಹಳ್ಳಿಯಲ್ಲೂ ಅಧಿಕಾರ ಕೈಬದಲಾಯಿತು.

ಕಾನೂನು ವಿಧಿಸಿದ ಈ ಭಾಗವಲ್ಲದೆ, ಕರ್ನಾಟಕದ ಅನೇಕ ಪಂಚಾಯಿತಿಗಳಲ್ಲಿ ಕಾನೂನು ಕಾಣದ ಇನ್ನೊಂದು ಭಾಗವೂ ಆಗುತ್ತದೆ. ಅದಕ್ಕೆ ಆಂತರಿಕ ಒಪ್ಪಂದವೆಂದು ಹೆಸರು. 30 ತಿಂಗಳನ್ನು ಇಬ್ಬರಿಗೆ ಹದಿನೈದರಂತೆ, ಮೂವರಿಗೆ ಹತ್ತರಂತೆ ಬಾಯಿಮಾತಿನಲ್ಲಿ ಹಂಚಿಕೊಳ್ಳುತ್ತಾರೆ. ಮೊದಲನೆಯವರ ಪಾಲು ಮುಗಿದ ದಿನ ರಾಜೀನಾಮೆ ಬರುವುದಿಲ್ಲ. ಬೇಸರ ದ್ವೇಷವಾಗುತ್ತದೆ, ದ್ವೇಷ ಅವಿಶ್ವಾಸ ಗೊತ್ತುವಳಿಯಾಗುತ್ತದೆ. ಅದರ ಸಭೆ ಕರೆಯಬೇಕಾದವರು ಉಪವಿಭಾಗಾಧಿಕಾರಿಗಳು. ಅಷ್ಟರಲ್ಲಿ ಸದಸ್ಯರು ಎರಡು ಪಂಗಡವಾಗುತ್ತಾರೆ, ಸಾಮಾನ್ಯ ಸಭೆಗಳಿಗೆ ಕೋರಂ ಇಲ್ಲವಾಗುತ್ತದೆ, ಬಿಲ್ಲುಗಳು ಕಡತದಲ್ಲಿಯೇ ಉಳಿಯುತ್ತವೆ. ಜಗಳ ಕುರ್ಚಿಯದಾದರೂ ಶಿಕ್ಷೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆ.

ಅಧಿಕಾರ ಬಿಟ್ಟುಕೊಡುವುದು ಹೇಗೆ ಎಂಬುದಕ್ಕೆ ಕನ್ನಡನಾಡಿನ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. 1962ರ ಚುನಾವಣೆಯಲ್ಲಿ ಮೈಸೂರು ರಾಜ್ಯದಲ್ಲಿ ಕಾಂಗ್ರೆಸ್ಸು ಬಹುಮತ ಪಡೆಯಿತು. ಆದರೆ ಅದರ ಅಗ್ರನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಅದುವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯ ಮೂಲಕ ವಿಧಾನಸಭೆಗೆ ಬಂದೊಡನೆ ಕಂಠಿಯವರು ಜೂನ್ ತಿಂಗಳಿನಲ್ಲಿ ಸ್ಥಾನವನ್ನು ಬಿಟ್ಟುಕೊಟ್ಟರು. ಮೂರು ತಿಂಗಳಿಗಿಂತ ತುಸು ಹೆಚ್ಚು ಕಾಲ ರಾಜ್ಯವಾಳಿದವರು ಅನಂತರ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ದುಡಿದರು. ಪಾದುಕೆಯನ್ನಿಟ್ಟು ರಾಜ್ಯವಾಳಿದ ಭರತನಿಗೆ ಜನರು ಅವರನ್ನು ಹೋಲಿಸಿದ್ದು ಸುಮ್ಮನೆ ಅಲ್ಲ. ಮೇಲಿನ ಸ್ಥಾನದಿಂದ ಇಳಿದು ಬರುವುದು ಒಂದು ಗುಣ. ಇಳಿದ ಮೇಲೆ ಕಹಿಯಿಲ್ಲದೆ ಕೆಳಗಿನ ಸ್ಥಾನದಲ್ಲಿ ಕೆಲಸ ಮಾಡುವುದು ಅದಕ್ಕಿಂತ ದೊಡ್ಡ ಗುಣ.

ಇದಕ್ಕೆ ಎದುರಾದ ಪ್ರಸಂಗವೂ ಈ ನಾಡಿನದೇ. 2006ರ ಫೆಬ್ರವರಿ 3ರಂದು ಎಚ್.ಡಿ. ಕುಮಾರಸ್ವಾಮಿಯವರು ಭಾರತೀಯ ಜನತಾ ಪಕ್ಷದ ಬೆಂಬಲದಿಂದ ಮುಖ್ಯಮಂತ್ರಿಯಾದಾಗ, 20 ತಿಂಗಳ ಅನಂತರ ಬಿ.ಎಸ್. ಯಡಿಯೂರಪ್ಪನವರಿಗೆ ಅಧಿಕಾರ ವಹಿಸಬೇಕೆಂಬ ಒಪ್ಪಂದವಿತ್ತು. 2007ರ ಅಕ್ಟೋಬರಿನಲ್ಲಿ ಆ ಹಸ್ತಾಂತರ ನಡೆಯಲಿಲ್ಲ. ಬೆಂಬಲ ಹಿಂತೆಗೆಯಲಾಯಿತು, ರಾಷ್ಟ್ರಪತಿ ಆಳ್ವಿಕೆ ಬಂದಿತು. ಮತ್ತೆ ಸಂಧಾನವಾಗಿ ನವೆಂಬರ್ 12ರಂದು ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ಒಂದೇ ವಾರದಲ್ಲಿ, 19ರಂದು, ರಾಜೀನಾಮೆ ಕೊಡಬೇಕಾಯಿತು. ಎರಡೂ ಪಕ್ಷಗಳಿಗೆ ಅವರವರ ಸಮರ್ಥನೆಗಳಿದ್ದವು. ಅವುಗಳ ತೀರ್ಮಾನ ಇಲ್ಲಿ ಅಗತ್ಯವಿಲ್ಲ. ರಾಜ್ಯದ ಅತ್ಯುನ್ನತ ಸ್ಥಾನವೂ ಸರದಿಯ ಪಾಲಿನ ವಸ್ತುವಾದದ್ದನ್ನು ಹಳ್ಳಿಗಳು ನೋಡಿದವು ಎಂಬುದಷ್ಟೇ ಇಲ್ಲಿ ಮುಖ್ಯ.

ಹಾಗಾದರೆ ಕೊಟ್ಟ ಮಾತಿನಂತೆ ಇಳಿಯುವುದೇ ಧರ್ಮ, ಇಳಿಯದಿರುವುದೇ ಅಧರ್ಮ ಎಂದು ಹೇಳಿ ಮುಗಿಸಬಹುದೇ? ವಿಷಯವನ್ನು ಮತ್ತೊಂದು ಕಡೆಯಿಂದಲೂ ನೋಡಬೇಕು. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮವು ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಧ್ಯಕ್ಷ ಸ್ಥಾನಗಳನ್ನು ಕಾದಿರಿಸಿತು. 2010ರಿಂದ ಮಹಿಳೆಯರ ಪಾಲು ಅರ್ಧಕ್ಕೇರಿತು. ಊರಿನ ಪ್ರಬಲರಿಗೆ ಸಲ್ಲದ ಅಧ್ಯಕ್ಷೆಯನ್ನು ಹೊರಗೆ ಹಾಕಲು ಒಪ್ಪಂದವೆಂಬುದು ಸುಲಭದ ಆಯುಧವಾಗಬಲ್ಲದು. ಆಕೆಯ ಪರವಾಗಿ ಪತಿಯೋ ಮೈದುನನೋ ಯಾರದೋ ಮನೆಯ ಜಗಲಿಯಲ್ಲಿ ಕೊಟ್ಟ ಮಾತಿಗೆ ಆಕೆ ಏಕೆ ಬದ್ಧಳಾಗಬೇಕು? ಕಾನೂನು ತನಗಿತ್ತ 30 ತಿಂಗಳನ್ನು ಪೂರೈಸುತ್ತೇನೆಂದರೆ ಅದು ಅಧಿಕಾರದಾಹವಲ್ಲ, ಆತ್ಮಗೌರವ. ಆದರೆ ತಾನೇ ಮಾತು ಕೊಟ್ಟು, ಆ ಮಾತಿನ ಬಲದಿಂದಲೇ ಮತಗಳನ್ನು ಪಡೆದು, ಸರದಿ ಬಂದಾಗ ಕಾನೂನಿನ ಮರೆಗೆ ಸರಿಯುವವನ ಸ್ಥಿತಿ ಬೇರೆ. ಜನರನ್ನು ಕೇಳದೆ ಅವರ ಅಧಿಕಾರವನ್ನು ಹಂಚಿಕೊಂಡದ್ದು ಅವನ ಮೊದಲ ದೋಷ. ಹಂಚಿಕೆಯ ಮಾತನ್ನು ಮುರಿದದ್ದು ಎರಡನೆಯದು.

ಎರಡು ದೋಷಗಳಿಗೂ ಮೂಲ ಒಂದೇ. ಪದವಿಯನ್ನು ಪಿತ್ರಾರ್ಜಿತ ಹೊಲದಂತೆ ಭಾವಿಸುವುದು. ಹೊಲವಾದರೆ ಪಾಲು ಮಾಡಬಹುದು, ಬದು ಹಾಕಬಹುದು, ಬಿಟ್ಟುಕೊಟ್ಟರೆ ನಷ್ಟವೆಂದು ಕೊರಗಬಹುದು. ಪದವಿ ಹಾಗಲ್ಲ, ಅದು ಜನರು ಕಾಲಮಿತಿ ಹಾಕಿ ಇರಿಸಿದ ನ್ಯಾಸ. ಇರಿಸಿಕೊಂಡವನು ಅವಧಿ ಮುಗಿದಾಗ ಲೆಕ್ಕಸಹಿತ ಹಿಂದಿರುಗಿಸಬೇಕು. ಹಿಂದಿರುಗಿಸಿದ್ದಕ್ಕೆ ತ್ಯಾಗಿಯೆಂಬ ಬಿರುದು ಬೇಡ, ಹಿಂದಿರುಗಿಸದಿದ್ದರೆ ಅಪಹಾರವೆಂಬ ಹೆಸರು ತಪ್ಪದು. ಕಂಠಿಯವರ ನಡೆಗೂ ಇಂದಿನ ಗುಟ್ಟಿನ ಒಪ್ಪಂದಗಳಿಗೂ ಇರುವ ಅಂತರ ಇದೇ. ತಾವು ಯಾರ ಸ್ಥಾನವನ್ನು ಕಾಯುತ್ತಿದ್ದೇವೆಂಬುದು ಅವರಿಗೂ ತಿಳಿದಿತ್ತು, ನಾಡಿಗೂ ತಿಳಿದಿತ್ತು.

ಕಾನೂನೊಂದರಿಂದಲೇ ಈ ಭಾವನೆ ಬಾರದು ಎಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಅವರ ತಂಡಕ್ಕೆ ಕಚೇರಿ, ಹಣ, ಮಾಹಿತಿ ಒದಗಿಸಬೇಕೆಂದು ಅಲ್ಲಿ 1964ರಲ್ಲಿಯೇ ಕಾಯಿದೆಯಾಯಿತು. ಆದರೂ 2020ರ ನವೆಂಬರ್ 3ರಂದು ಮತದಾನ ನಡೆದ ಮೇಲೆ ಆ ನೆರವಿಗೆ ಔಪಚಾರಿಕ ಒಪ್ಪಿಗೆ ದೊರೆಯಲು ನವೆಂಬರ್ 23ರವರೆಗೆ ಕಾಯಬೇಕಾಯಿತು. ಸೋತ ಅಧ್ಯಕ್ಷರು ಫಲಿತಾಂಶವನ್ನು ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ತಿನ ಭವನಕ್ಕೇ ನುಗ್ಗಿದರು. ಜನವರಿ 20ರಂದು ಅಧಿಕಾರ ಕೈಬದಲಾಯಿತು, ನಿಜ. ಆದರೆ ಕಾಯಿದೆ ಕೀಲಿಕೈಯನ್ನು ಕೊಡಿಸಬಲ್ಲದು, ಕೊಡುವ ಮನಸ್ಸನ್ನು ಕೊಡಿಸಲಾರದು ಎಂಬುದನ್ನು ಜಗತ್ತು ಕಂಡಿತು.

ಕೊಡುವ ಮನಸ್ಸು ಎಂದರೇನು? ಪಾವಗಡದ ಕಡೆಯ ಒಂದು ಪಂಚಾಯಿತಿಯಲ್ಲಿ ಅವಧಿ ಮುಗಿಸಿದ ಅಧ್ಯಕ್ಷೆಯೊಬ್ಬರನ್ನು ಊಹಿಸಿಕೊಳ್ಳಬಹುದು. ಅದು ಮಳೆ ಕಡಿಮೆಯ ಸೀಮೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಡತಗಳೂ ನಡಾವಳಿ ಪುಸ್ತಕವೂ ಕಚೇರಿಯಲ್ಲಿಯೇ ಉಳಿಯುತ್ತವೆ. ಆದರೆ ಯಾವ ಕೊಳವೆಬಾವಿ ಬೇಸಿಗೆಯಲ್ಲಿ ಮೊದಲು ಬತ್ತುತ್ತದೆ, ಯಾವ ಮೋಟಾರು ದುರಸ್ತಿಗೆ ಹೋಗಿ ಹಣ ಸಂದಾಯವಾಗದೆ ಉಳಿದಿದೆ, ನೀರುಗಂಟಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ, ಯಾವ ವಿಧವೆಯ ಮನೆಯ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ—ಇವು ಕಡತಕ್ಕಿಂತ ಹೆಚ್ಚಾಗಿ ಆಕೆಯ ನೆನಪಿನಲ್ಲಿರುತ್ತವೆ. ಮುಂದೆ ಬರುವಾಕೆ ಎದುರು ಪಂಗಡದವಳು. ಸುಮ್ಮನಿದ್ದುಬಿಟ್ಟರೆ ಯಾವ ಕಾನೂನೂ ಕೇಳದು. ಹೊಸಬಳು ಎಡವಿದರೆ ಊರು ಹಳಬಳನ್ನು ಹೊಗಳೀತು ಕೂಡ. ಆ ಪ್ರಲೋಭನೆಯನ್ನು ಗೆದ್ದು, ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ, ಅರ್ಧ ದಿನ ಕುಳಿತು ಎಲ್ಲವನ್ನೂ, ತನ್ನಿಂದಾಗದೆ ಉಳಿದ ಕೆಲಸವನ್ನೂ ಸೇರಿಸಿ ಹೇಳಿದರೆ, ಅದು ನಿಜವಾದ ಹಸ್ತಾಂತರ. ಅಲ್ಲಿ ಕೈಯಿಂದ ಕೈಗೆ ಸಾಗುವುದು ಊರಿನ ಮುಂದಿನ ಬೇಸಿಗೆಯ ನೀರು.

ಜೈನ ಕುಟುಂಬಗಳಿಗೆ ಆದಿದೇವನ ಕಥೆ ಹೊಸದಲ್ಲ. ಅವನು ಬದುಕಿದ್ದಾಗಲೇ ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ವಹಿಸಿ ಹೊರಟನು. ಕೊಟ್ಟವನಲ್ಲಿ ಮೋಹವಿರಲಿಲ್ಲ, ಆದರೂ ಪಡೆದವರ ನಡುವೆ ಯುದ್ಧವಾಯಿತು. ಗೆದ್ದ ಗಳಿಗೆಯಲ್ಲಿ ಬಾಹುಬಲಿ ಎಲ್ಲವನ್ನೂ ಕೆಳಗಿರಿಸಿದ ಮೇಲೆಯೇ ಆ ಕಲಹಕ್ಕೆ ಕೊನೆ. ಗೃಹಸ್ಥರಿಂದ ಅಂಥ ಮಹಾತ್ಯಾಗವನ್ನು ಯಾರೂ ನಿರೀಕ್ಷಿಸುವುದಿಲ್ಲ. ಅಣುವ್ರತದ ಅಳತೆಯಲ್ಲಿ ಅವರಿಂದ ಸಾಧ್ಯವಾಗುವುದು ಇಷ್ಟು: ಅವಧಿಯನ್ನು ಮೀರದಿರುವುದು, ಲೆಕ್ಕವನ್ನು ಮುಚ್ಚಿಡದಿರುವುದು, ಬಂದವರಿಗೆ ದಾರಿ ತೋರುವುದು.

ಈ ಮಾತು ಬಸದಿಗಳ ಆಡಳಿತ ಮಂಡಳಿಗಳಿಗೂ ಧರ್ಮದರ್ಶಿಗಳಿಗೂ ಅಷ್ಟೇ ಸಲ್ಲುತ್ತದೆ. ಹುಂಡಿಯ ಬೀಗದ ಕೈ, ಜಮೀನಿನ ಪತ್ರಗಳು, ಜಮಾಖರ್ಚಿನ ಪುಸ್ತಕ—ಇವು ಸರ್ವಸದಸ್ಯರ ಸಭೆಯ ಎದುರಿನಲ್ಲಿ ಹಳಬರಿಂದ ಹೊಸಬರಿಗೆ ಸಂದರೆ, ಅದನ್ನು ನೋಡಿ ಬೆಳೆದ ಮಕ್ಕಳು ನಾಳೆ ಪಂಚಾಯಿತಿಯಲ್ಲಿಯೋ ವಿಧಾನಸಭೆಯಲ್ಲಿಯೋ ಕುಳಿತಾಗ ಇಳಿಯುವುದನ್ನು ಅವಮಾನವೆಂದು ತಿಳಿಯಲಾರರು. ಹೊಸ ಮಂಡಳಿಗೆ ಹಾರ ಹಾಕುವ ದಿನ, ಹಳೆಯ ಮಂಡಳಿಯ ಲೆಕ್ಕವನ್ನು ಮೊದಲು ಓದಿಸುವ ಪದ್ಧತಿ ಪ್ರತಿಯೊಂದು ಬಸದಿಯಲ್ಲಿಯೂ ನೆಲೆಗೊಳ್ಳಲಿ.