ಅಡೀಚ ಕಿಲೋ, ಎರಡು ಎಕರೆ ಇಪ್ಪತ್ತು ಗುಂಟೆ

ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ಎಣಿಕೆ ಸಲೀಸು. ಹತ್ತುಗಳ ಹೆಸರಿಗೆ ಬಿಡಿಯನ್ನು ಸೇರಿಸುತ್ತ ಹೋದರೆ ತೊಂಬತ್ತೊಂಬತ್ತು ಮುಟ್ಟಬಹುದು. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಅರವತ್ತಮೂರು ಅಲ್ಲಿ ‘ತ್ರೇಸಷ್ಟ’, ನಲವತ್ತೊಂಬತ್ತು ‘ಏಕೋಣಪನ್ನಾಸ’, ಅಂದರೆ ಐವತ್ತಕ್ಕೆ ಒಂದು ಕಡಿಮೆ. ನಿಪ್ಪಾಣಿ, ಖಾನಾಪುರದ ಕಡೆ, ಗಡಿಯಾಚೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜದ ಕಡೆ ಮನೆಯಲ್ಲೊಂದು ಶಾಲೆಯಲ್ಲೊಂದು ಭಾಷೆಯಿರುವ ಮಕ್ಕಳು ಈ ಎರಡೂ ಕ್ರಮಗಳನ್ನು ಒಟ್ಟಿಗೇ ಕಲಿಯಬೇಕಾಗುತ್ತದೆ. ‘ತ್ರೇಸಷ್ಟ’ ಎಂದು ಹೇಳಿದಾಗ ಮಗು ಮೊದಲು ಮೂರು, ಆಮೇಲೆ ಆರು ಬರೆದರೆ 63 ಹೋಗಿ 36 ಆಗುತ್ತದೆ. ಅಂಥ ಮಗುವಿಗೆ ಗಣಿತ ಹತ್ತುವುದಿಲ್ಲ ಎಂದು ಷರಾ ಬರೆಯುವುದು ಅನ್ಯಾಯ. ಕಿವಿಗೆ ಬಿದ್ದ ಕ್ರಮದಲ್ಲೇ ಅದು ಬರೆದಿರುತ್ತದೆ.

ಈ ತೊಡಕು ಗಡಿಯವರದ್ದಷ್ಟೇ ಅಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕಕ್ಕೆ ‘ಸಾಠ ತೀನ’ (ಅರವತ್ತು ಮೂರು) ಎಂಬಂಥ ಓದನ್ನು ಸೇರಿಸಿತು. ಮರಾಠಿ ಕೆಡುತ್ತದೆ ಎಂದು ದೊಡ್ಡ ಗದ್ದಲವೆದ್ದು, ಮಾತು ವಿಧಾನಸಭೆಯವರೆಗೂ ಹೋಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಳಾ ನಾರಳೀಕರ ಅವರು ದಕ್ಷಿಣದ ಭಾಷೆಗಳಲ್ಲಿ ಇದೇ ರೂಢಿ ಇರುವುದನ್ನು ತೋರಿಸಿ ಬದಲಾವಣೆಯನ್ನು ಸಮರ್ಥಿಸಿಕೊಂಡರು. ಕಲಿಯುವ ಮಕ್ಕಳ ಕಡೆಯಿಂದ ನೋಡಿದರೆ ಅವರ ಮಾತೇ ಸರಿ.

ಇಡಿ ಸಂಖ್ಯೆಗಳಲ್ಲಿ ಕನ್ನಡ ಹಗುರವಾದರೂ ಕಾಲು, ಅರ್ಧದ ವ್ಯವಹಾರಕ್ಕೆ ಗಡಿಯ ಕನ್ನಡಿಗರು ನೆಚ್ಚಿರುವುದು ಮರಾಠಿಯನ್ನೇ. ಸವ್ವಾ ನೂರು ಎಂದರೆ 125, ದೀಡ ನೂರು 150, ಅಡೀಚ ಸಾವಿರ 2,500. ‘ಪಾವಣೆ ದೋನಶೆ’ ಮಾತ್ರ ಹೊಸಬರನ್ನು ದಾರಿ ತಪ್ಪಿಸುತ್ತದೆ. ಇನ್ನೂರು ಕಿವಿಗೆ ಬಿದ್ದರೂ ಬೆಲೆ 175. ಹಿಂದೆ ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ದೀಡಕಿ, ಅಡೀಚಕಿ ಎಂದು ಇವುಗಳಿಗೂ ಮಗ್ಗಿಗಳಿದ್ದವು. ಆ ಮಗ್ಗಿ ಹೋದರೂ ಪದಗಳು ಸಂತೆಯಲ್ಲಿ ಉಳಿದಿವೆ. ಕಿಲೋಕ್ಕೆ 36 ರೂಪಾಯಿಯ ಬದನೆಕಾಯಿಯನ್ನು ಅಡೀಚ ಕಿಲೋ ತೂಗಿದ ಅಜ್ಜಿ ಹೇಳುವುದು ಹೀಗೆ: “ಎರಡಕ್ಕ ಎಪ್ಪತ್ತೆರಡು, ಅರ್ಧಾಕ್ಕ ಹದಿನೆಂಟು, ತೊಂಬತ್ತು ಕೊಡ್ರಿ ಅಣ್ಣಾರ.” ಇದೇ ಲೆಕ್ಕವನ್ನು 36 ಗುಣಿಸು 2.5 ಎಂದು ಹಾಳೆಯ ಮೇಲೆ ಬರೆದು ಕೊಟ್ಟರೆ, ಶಾಲೆಗೆ ಹೋಗುವ ಮೊಮ್ಮಗಳು ಬಿಂದು ಎಲ್ಲಿಡಬೇಕೆಂದು ತಡವರಿಸುತ್ತಾಳೆ.

ಬಾಯಿಲೆಕ್ಕಕ್ಕೂ ಬರೆಹದ ಲೆಕ್ಕಕ್ಕೂ ನಡುವಿನ ಈ ಕಂದಕ ದೇಶದ ಉದ್ದಗಲಕ್ಕೂ ಇದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಆ ಮಕ್ಕಳು ಗಿರಾಕಿಯ ಮುಂದೆ ಸರಿಯಾಗಿ ಲೆಕ್ಕ ಮಾಡಿ, ಪುಸ್ತಕದ ರೂಪದ ಲೆಕ್ಕದಲ್ಲಿ ಎಡವುತ್ತಾರೆ. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವುತ್ತಾರೆ. ಗ್ರಾಮೀಣ ಶಿಕ್ಷಣದ ಸ್ಥಿತಿ ಹೇಳುವ 2023ರ ‘ಅಸರ್’ ವರದಿಯಲ್ಲಿ 14ರಿಂದ 18 ವಯಸ್ಸಿನವರ ಪೈಕಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ.

ಹೊಲದ ಲೆಕ್ಕದಲ್ಲಿ ತಪ್ಪಿದರೆ ನಷ್ಟ ದೊಡ್ಡದು. ಕರ್ನಾಟಕದ ಉತಾರದಲ್ಲಿ (ಪಹಣಿಯಲ್ಲಿ) ಅಳತೆ ಎಕರೆ, ಗುಂಟೆ, ಆಣೆಗಳಲ್ಲಿ ಇರುತ್ತದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 2 ಎಕರೆ 20 ಗುಂಟೆಯನ್ನು ಜನ 2.20 ಎಂದು ಬರೆದುಕೊಳ್ಳುತ್ತಾರೆ. ಅದು ಎರಡೂವರೆ ಎಕರೆ. ಅದಕ್ಕೆ 1 ಎಕರೆ 30 ಗುಂಟೆ ಕೂಡಿಸಿದರೆ ಮೊಬೈಲಿನ ಕ್ಯಾಲ್ಕುಲೇಟರ್ 3.50 ತೋರಿಸುತ್ತದೆ, ನಿಜವಾದ ಉತ್ತರ 4 ಎಕರೆ 10 ಗುಂಟೆ. ಅಣ್ಣತಮ್ಮಂದಿರ ವಾಟ್ನಿಯಲ್ಲೂ ಹೀಗೇ: 3 ಎಕರೆ 10 ಗುಂಟೆಯನ್ನು ಎರಡು ಪಾಲು ಮಾಡಿದರೆ ಯಂತ್ರ 1.55 ಎನ್ನುತ್ತದೆ, ಸಿಗಬೇಕಾದದ್ದು ತಲಾ 1 ಎಕರೆ 25 ಗುಂಟೆ. ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಿ, 130ನ್ನು ಎರಡರಿಂದ ಭಾಗಿಸಿ, ಬಂದ 65ನ್ನು ಮತ್ತೆ ಎಕರೆಗೆ ಏರಿಸಿದರೆ ಜಗಳಕ್ಕೆ ಎಡೆಯಿಲ್ಲ.

ಗಡಿಯಾಚೆಯ ಹೊಲದ ದಾಖಲೆ ಸಾತಬಾರಾದಲ್ಲಿ ಅಳತೆ ಹೆಕ್ಟೇರ್ ಮತ್ತು ಆರ್. ಅಲ್ಲಿ ನೂರು ಆರ್‌ಗೆ ಒಂದು ಹೆಕ್ಟೇರ್, ಆದ್ದರಿಂದ 1.20 ಎಂದರೆ ದಶಾಂಶದ ಲೆಕ್ಕವೇ. ಎರಡೂ ರಾಜ್ಯಗಳಲ್ಲಿ ಹೊಲವಿರುವ ಕುಟುಂಬದ ಕೈಯಲ್ಲಿ ಒಂದೇ ಥರದ ಎರಡು ಅಂಕಿಗಳಿದ್ದರೂ ಈಚೆಯ 1.20 ಒಂದೂವರೆ ಎಕರೆ, ಆಚೆಯ 1.20 ಹೆಚ್ಚುಕಡಿಮೆ ಮೂರು ಎಕರೆ. ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿ ತುಂಬುವಾಗ ಇವೆರಡನ್ನೂ ನೇರವಾಗಿ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ.

ಆರ್ ಮತ್ತು ಗುಂಟೆ ಒಂದೇ ಎಂಬ ಮಾತು ಊರೂರಲ್ಲಿದೆ. ಗುಂಟೆ 1,089 ಚದರ ಅಡಿ, ಅಂದರೆ 101.17 ಚದರ ಮೀಟರ್. ಆರ್ ಸರಿಯಾಗಿ 100 ಚದರ ಮೀಟರ್. ಕಟ್ಟೆಯ ಮೇಲಿನ ಮಾತಿಗೆ ಈ ಅಂದಾಜು ಸಾಕು. ಆದರೆ ಒಂದು ಹೆಕ್ಟೇರಿಗೆ ನೂರು ಗುಂಟೆ ಬರುವುದಿಲ್ಲ, 98.84 ಬರುತ್ತದೆ. ಗುಂಟೆ ಲೆಕ್ಕದಲ್ಲಿ ದರ ಮಾತಾಡಿ ಹೆಕ್ಟೇರ್ ಲೆಕ್ಕದಲ್ಲಿ ಖರೀದಿಪತ್ರ ಮಾಡಿಸಿಕೊಂಡರೆ, ಕೊಂಡವರು ಹೆಕ್ಟೇರಿಗೆ ಇಲ್ಲದ ಒಂದು ಗುಂಟೆ ಚಿಲ್ಲರೆಗೂ ದುಡ್ಡು ತೆರುತ್ತಾರೆ.