ನಮ್ಮ ಹಪ್ಪಳವೂ ಜಾಲತಾಣವೂ

ಪಶ್ಚಿಮಘಟ್ಟದ ತಪ್ಪಲಿನಲ್ಲಿ, ಬೆಳ್ತಂಗಡಿ ತಾಲೂಕಿನ ನಾರಾವಿಯಲ್ಲಿ ನಮ್ಮ ವಾಸ. ಹಲಸು ಬಲಿಯುವ ಕಾಲದಲ್ಲಿ ನಮ್ಮ ಗೃಹಿಣಿಯು ನೆರೆಮನೆಗಳ ಮೂವರು ಹೆಂಗಸರೊಡನೆ ಕೂಡಿ ಹಪ್ಪಳ ಮಾಡುವುದುಂಟು. ಬಲಿತ ಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿಗಳೊಡನೆ ಅರೆದು, ಉಂಡೆಗಟ್ಟಿ, ಒತ್ತಿ, ಚಾಪೆಯ ಮೇಲೆ ಹರಡುವ ಈ ಕೆಲಸಕ್ಕೆ ಬಿಸಿಲೇ ಯಜಮಾನನು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಅಲ್ಲಿಗೆ ಮುಗಿಯಿತು.

ಪೇಟೆಯ ಅಂಗಡಿಗಳ ಬೆಲೆಯಿಂದ ನಾಲ್ವರ ಕೂಲಿ ಹುಟ್ಟುವುದು ಕಷ್ಟವಾದುದರಿಂದ, ಮುಂಬಯಿ ಬೆಂಗಳೂರುಗಳಲ್ಲಿರುವ ನಮ್ಮ ಕಡೆಯವರಿಗೆ ನೇರವಾಗಿ ಮಾರುವ ಸಲುವಾಗಿ 2022ನೆಯ ಇಸವಿಯಲ್ಲಿ ಒಂದು ಜಾಲತಾಣವನ್ನು ತೆರೆದೆವು. ಕಟ್ಟುವ ಕೆಲಸವನ್ನು ಪಟ್ಟಣದ ಒಬ್ಬ ಗುತ್ತಿಗೆದಾರನಿಗೆ ವಹಿಸಿದ್ದಾಯಿತು. ಆತನು ಚಂದ್ರಬಿಂಬದಂತಹ ಹಪ್ಪಳದ ಚಿತ್ರವೊಂದನ್ನು ಎಲ್ಲಿಂದಲೋ ತಂದು ಹಾಕಿ, ಕೆಳಗೆ 'ಶತಮಾನದ ಪರಂಪರೆ', 'ವರ್ಷವಿಡೀ ಲಭ್ಯ' ಎಂದು ಬರೆದನು. ಎರಡೂ ಸುಳ್ಳು. ಆದರೂ ನೋಡಿ ಹಿಗ್ಗಿದೆವೆಂಬುದನ್ನು ಮರೆಮಾಚಲಾರೆವು.

ಆಟಿ ತಿಂಗಳ ಜಡಿಮಳೆಯಲ್ಲಿ ಮುಂಬಯಿಯ ತಾಯಿಯೊಬ್ಬರು ಬಸುರಿ ಮಗಳ ಬಯಕೆಗೆಂದು 10 ಕಟ್ಟು ಬೇಕೆಂದರು. ಹಣವೂ ಯುಪಿಐ ಮೂಲಕ ಬಂದು ಸೇರಿತ್ತು. ಮನೆಯಲ್ಲಿ ಉಳಿದಿದ್ದುದು ಎರಡೇ ಕಟ್ಟು. ಬೇರೆಡೆಯಿಂದ ಕೊಂಡು ಕಳುಹಿಸಿದರೆ ತಿಳಿಯುವವರಾರು ಎಂದು ನಾವು ಮೆಲ್ಲನೆ ಸೂಚಿಸಿದೆವು.

"ಹಾಗಾದರೆ ಹೊದಿಕೆಯ ಮೇಲಿನ ನನ್ನ ಹೆಸರನ್ನು ಮೊದಲು ತೆಗೆದುಬಿಡಿ," ಎಂದರು ಗೃಹಿಣಿ.

ಆ ಎರಡು ಕಟ್ಟುಗಳನ್ನೇ ಅಂಚೆಗೆ ಹಾಕಿ, ಮಿಕ್ಕ ಹಣವನ್ನು ಕ್ಷಮೆ ಕೋರಿ ಹಿಂದಿರುಗಿಸಿದೆವು.

ಬಳಿಕ ತಾಣದ ಸುಳ್ಳನ್ನು ಅಳಿಸಹೋದರೆ, ಗುಪ್ತಪದವು ನಮ್ಮಲ್ಲಿ ಇಲ್ಲ! ತಾಣದ ಹೆಸರು, ಅಂದರೆ ಡೊಮೈನ್, ಗುತ್ತಿಗೆದಾರನ ಹೆಸರಿನಲ್ಲಿಯೇ ನೋಂದಣಿಯಾಗಿತ್ತು. ಬಿಟ್ಟುಕೊಡಲು ಆತನು ಕೇಳಿದ ಹಣವು ಆ ವರ್ಷದ ಲಾಭಕ್ಕಿಂತ ಹೆಚ್ಚಾಗಿತ್ತು. ಮೂಲಗೇಣಿ, ಚಾಲಗೇಣಿಗಳನ್ನು ಕಂಡ ಜಿಲ್ಲೆಯವರಾದ ನಮಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಡೊಮೈನೆಂಬುದು ಕ್ರಯಕ್ಕೆ ಸಿಕ್ಕುವ ಸೊತ್ತಲ್ಲ. ಅವಧಿಯ ಲೆಕ್ಕದಲ್ಲಿ ಗೇಣಿಗೆ ಹಿಡಿಯುವ ಹೆಸರು. ಗೇಣಿಚೀಟು ಯಾರ ಹೆಸರಿನಲ್ಲಿರುವುದೋ ಒಕ್ಕಲು ಅವರದೇ. ಪುಟಗಳನ್ನು ಇರಿಸಿಕೊಳ್ಳುವ ಹೋಸ್ಟಿಂಗ್ ಎಂಬುದಕ್ಕೆ ಬೇರೆ ಬಾಡಿಗೆ. ಎರಡರ ರಶೀದಿಯೂ ಗುಪ್ತಪದವೂ ಮನೆಯವರ ಮಿಂಚಂಚೆಗೇ ಬರುವಂತೆ ಮಾಡಿಕೊಳ್ಳತಕ್ಕದ್ದು.

ಮಾರನೆಯ ವರ್ಷ ಹೊಸ ಹೆಸರನ್ನು ಗೃಹಿಣಿಯ ಹೆಸರಿನಲ್ಲಿಯೇ ಹಿಡಿದೆವು. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಮಗನು ಎಲ್ಲವನ್ನೂ ಕನ್ನಡದಲ್ಲಿಯೇ ಟೈಪು ಮಾಡಿದನು. ಇಲ್ಲೊಂದು ಸೂಕ್ಷ್ಮವಿದೆ. ಅಕ್ಷರಗಳು ಯೂನಿಕೋಡಿನಲ್ಲಿರಬೇಕು, ಮುದ್ರಣಾಲಯದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದರೆ, 'ಹಲಸಿನ ಹಪ್ಪಳ' ಎಂದು ಗೂಗಲ್‌ನಲ್ಲಿ ಹುಡುಕುವವರಿಗೆ ಅದು ಸಿಕ್ಕದು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಗಳ ನೋಂದಣಿ ಸಂಖ್ಯೆಯನ್ನು ಪೊಟ್ಟಣದ ಮೇಲೂ ತಾಣದಲ್ಲೂ ಹಾಕಿದೆವು. ಸೂರ್ಯನಾರಾಯಣ ದೇವಸ್ಥಾನಕ್ಕೆ ಬರುವವರು ಮನೆಯನ್ನು ಹುಡುಕಿಕೊಂಡು ಬರಲೆಂದು ಗೂಗಲ್ ನಕಾಶೆಯಲ್ಲಿ ಗುರುತನ್ನೂ ಇಟ್ಟೆವು; ಅದಕ್ಕೆ ಶುಲ್ಕವಿಲ್ಲ.

ಚಂದ್ರಬಿಂಬವು ಹೋಗಿ, ನಮ್ಮ ಅಂಗಳದ ಚಾಪೆಯೂ ಅಂಚು ಸೊಟ್ಟಗಿರುವ ನಮ್ಮ ಹಪ್ಪಳಗಳೂ ಚಿತ್ರವಾಗಿ ಬಂದವು. ಜಾಹೀರಾತಿಗೆ ನಾವು ವೆಚ್ಚಮಾಡಿದ ಅಲ್ಪ ಹಣದಿಂದ ಪುಟವನ್ನು ನೋಡಿ ಹೋದವರು ಬಹಳ, ಕೊಂಡವರು ವಿರಳ. ಕೊಂಡವರಲ್ಲಿ ಹೆಚ್ಚಿನವರು, ಒಮ್ಮೆ ತಿಂದವರು ವಾಟ್ಸಾಪಿನಲ್ಲಿ ಬಂಧುಗಳಿಗೆ ತಿಳಿಸಿದುದರಿಂದ ಬಂದವರು. ಮುಂಬಯಿಯ ಆ ತಾಯಿಯೂ ಪುನಃ ಬರೆದರು. ಈ ಸಲ ಎಪ್ರಿಲ್ ತಿಂಗಳಲ್ಲಿಯೇ.

ಈಗ ಪ್ರತಿ ಸಂಜೆ ಗೃಹಿಣಿಯು ಡಬ್ಬಿಯಲ್ಲಿ ಉಳಿದ ಕಟ್ಟುಗಳನ್ನು ಎಣಿಸಿ ಹೇಳುವರು. ಮಗನು ತಾಣದಲ್ಲಿ ಆ ಸಂಖ್ಯೆಯನ್ನು ತಿದ್ದುವನು. ಮನೆಗೆಂದು ಎತ್ತಿಟ್ಟ ನಾಲ್ಕು ಕಟ್ಟುಗಳು ಆ ಎಣಿಕೆಗೆ ಸೇರುವುದಿಲ್ಲ.